ಮುಲ್ಕಿಯಿಂದ ಉಡುಪಿಗೆ, ಅರ್ದಿಯಾ ಮಾರ್ಗವಾಗಿ

ರೇಗನ್ಸ್‌ಬುರ್ಗ್, ಜರ್ಮನಿ
ಸೆಪ್ಟೆಂಬರ್ ೭, ೨೦೨೫, ಭಾನುವಾರ

ಇವರಿಗೆ,

ನಿಮ್ಮ ಹೆಸರು ಬರೆಯಬೇಕೆಂದು ಪೆನ್ನು ಹಿಡಿದೆ. ಇಪ್ಪತ್ತೆಂಟು ವರ್ಷ ಹೆಸರು ಹೇಳದೆ ಅಭ್ಯಾಸವಾಗಿದೆ, ಕೈ ಏಳಲಿಲ್ಲ. ಹಾಗಾಗಿ ‘ಇವರಿಗೆ’ ಎಂದೇ ಇರಲಿ.

ಫೋನಿನಲ್ಲಿ ನೀವು ಊಟ ಆಯಿತಾ ಎನ್ನುತ್ತೀರಿ, ನಾನು ಆಯಿತು ಎನ್ನುತ್ತೇನೆ, ಆಮೇಲೆ ಇಬ್ಬರೂ ಅವರವರ ಗೋಡೆ ನೋಡುತ್ತಾ ಕೂರುತ್ತೇವೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮದುವೆಯಾದ ಮೊದಲ ನಾಲ್ಕು ವರ್ಷ ನೀವು ಕುವೈತಿನಲ್ಲಿ, ನಾನು ಉಡುಪಿಯಲ್ಲಿ ಇದ್ದಾಗ ಬರೆಯುತ್ತಿದ್ದೆವಲ್ಲ, ಹಾಗೆ. ಮಾತೆಲ್ಲ ತುಳುವಿನಲ್ಲಿ, ಕಾಗದ ಕನ್ನಡದಲ್ಲಿ. ಬರೆದು ಫೋಟೋ ತೆಗೆದು ಕಳಿಸುತ್ತೇನೆ, ನೀವೂ ಹಾಗೇ ಮಾಡಿ. ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರೆ ಅದನ್ನು ಉತ್ತರವೆಂದು ನಾನು ಒಪ್ಪುವುದಿಲ್ಲ.

ಗುರುವಾರ ಕುವೈತಿನ ವಿಮಾನ ನಿಲ್ದಾಣದಲ್ಲಿ ನಡೆದದ್ದು ಇನ್ನೂ ಕಣ್ಣಿನಿಂದ ಹೋಗಿಲ್ಲ. ಕಂಪನಿ ಒಪ್ಪಿಗೆ ಕೊಡದೆ ನೌಕರ ದೇಶ ಬಿಡುವ ಹಾಗಿಲ್ಲ ಎಂಬ ಹೊಸ ನಿಯಮ ಜುಲೈಯಿಂದ ಬಂದದ್ದು ನಮಗೆ ಗೊತ್ತಿಲ್ಲದ್ದೇನಲ್ಲ. ಎರಡು ವಾರದಿಂದ ನಿಮ್ಮ ಅರ್ಜಿ ಮೊಬೈಲಿನಲ್ಲಿ ‘ಬಾಕಿ’ ಎಂದೇ ತೋರಿಸುತ್ತಿತ್ತು. "ದಾರಿಯಲ್ಲಿ ಹೋಗುವಾಗ ಅಪ್ರೂವ್ ಆಗ್ತದೆ" ಎಂದಿರಿ. ಫರ್ವಾನಿಯಾದ ನಮ್ಮ ಮನೆಯಿಂದ ಏರ್‌ಪೋರ್ಟಿಗೆ ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಏನೇನು ಆಗಬೇಕು? ನಾನಾದರೆ ನಿಮ್ಮ ಇಕಾಮಾದ, ನಿಮ್ಮ ವಾಸದ ಪರವಾನಗಿಯ ಮೇಲೆ ಇರುವ ಹೆಂಡತಿ, ನನಗೆ ಯಾವ ಕಂಪನಿಯ ಮುದೀರನ, ಯಾವ ಮ್ಯಾನೇಜರನ ಒಪ್ಪಿಗೆಯೂ ಬೇಡ. ಪಾಸ್‌ಪೋರ್ಟಿಗೆ ಮೊಹರು ಒತ್ತಿಸಿಕೊಂಡು ಆಚೆ ಬದಿ ನಿಂತೆ. ನೀವು ಈಚೆ ಬದಿ. "ನೀನು ಹೋಗು ಮಾರಾಯ್ತಿ, ಮನೆಯ ಕೀ ತಕ್ಕೊಳ್ಳಿಕ್ಕೆ ಒಬ್ರಾದ್ರೂ ಬೇಕಲ್ಲ. ನಾಲ್ಕು ದಿವ್ಸ. ನಾನು ಬಂದೆ ಅಂತ ತಿಳ್ಕೋ" ಎಂದಿರಿ. ಹಿಂದಿನಿಂದ ಜನ ದೂಡುತ್ತಿದ್ದರು. ನಾನು ಹೋದೆ.

ನಾವು ಬಾಡಿಗೆಗೆ ಹಿಡಿದ ಮನೆ ಇಲ್ಲಿಯ ಹಳೆ ಊರಿನ ಓಣಿಯಲ್ಲಿದೆ, ಮೂರನೆಯ ಮಹಡಿ. ಇಳಿದು ಸ್ವಲ್ಪ ನಡೆದರೆ ಡ್ಯಾನ್ಯೂಬ್ ನದಿ, ಅದರ ಮೇಲೆ ಒಂಬತ್ತು ನೂರು ವರ್ಷದ ಹತ್ತಿರದ ಕಲ್ಲಿನ ಸೇತುವೆ. ಕುವೈತಿನ ಅಬ್ಬಾಸಿಯಾದ ಶಾಲೆಯಲ್ಲಿ, ಈ ವರ್ಷ ಕೆಲಸ ಬಿಡುವ ತನಕ, ಇಪ್ಪತ್ತೆರಡು ವರ್ಷ ಸಮಾಜ ಪಾಠ ಮಾಡುವಾಗ ಈ ನದಿಯನ್ನು ಎಷ್ಟು ಸಲ ಸೀಮೆಸುಣ್ಣದಲ್ಲಿ ಎಳೆದಿದ್ದೇನೋ. ಅದು ಇಷ್ಟು ಜೋರಾಗಿ ಸದ್ದು ಮಾಡುತ್ತದೆಂದು ಮಕ್ಕಳಿಗೆ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ನಮ್ಮ ಯೋಜನೆ ಇನ್ನೊಮ್ಮೆ ನೆನಪಿಸುತ್ತೇನೆ. ಹತ್ತು ದಿನದಲ್ಲಿ ಎಂಟು ದೇಶ ತೋರಿಸುವ ಬಸ್ಸಿನ ಟೂರು ಬೇಡವೆಂದದ್ದು ನೀವೇ. ನೀವು ಕೂಡಿಟ್ಟ ರಜೆಯಲ್ಲಿ ನಾಲ್ಕು ಹಳೆ ಊರು, ಒಂದೊಂದರಲ್ಲಿ ಮೂರು ವಾರ, ನಮ್ಮದೇ ಅಡಿಗೆ, ಕಾಲ್ನಡಿಗೆ, ರೈಲು. ವೀಸಾ ನವೆಂಬರ್ ಮೂವತ್ತರ ತನಕ. ಇಷ್ಟು ವರ್ಷದಲ್ಲಿ ನಾವಿಬ್ಬರೇ ಎಂದು ಎಲ್ಲಿಗೂ ಹೋದದ್ದಿಲ್ಲ. ವರ್ಷಕ್ಕೆ ಮೂವತ್ತು ದಿನ ರಜೆ, ಅದರೊಳಗೆ ನೆಂಟರ ಮದುವೆ, ಗೃಹಪ್ರವೇಶ, ನಿಮ್ಮ ಮನೆಯ ದೈವದ ನೇಮ, ಬ್ಯಾಂಕು, ಹಲ್ಲಿನ ಡಾಕ್ಟರು. ರಜೆ ಮುಗಿಸಿ ಬಂದವರಿಗೆ ಸುಧಾರಿಸಿಕೊಳ್ಳಲು ಇನ್ನೊಂದು ರಜೆ ಬೇಕಾಗುತ್ತಿತ್ತು.

ನಾಲ್ಕು ದಿನ ನಾಳೆಗೆ ಮುಗಿಯುತ್ತದೆ. ಎಲ್ಲಿಗೆ ಬಂತು, ಬರೆಯಿರಿ.

ಕಿಟಕಿಯ ಪಕ್ಕದ ಖಾಲಿ ಕುರ್ಚಿಗೆ ಎದುರಾಗಿ ಕೂತು,
ಕುಸುಮಾವತಿ


ಫರ್ವಾನಿಯಾ
ಸೆಪ್ಟೆಂಬರ್ ೧೨, ಶುಕ್ರವಾರ

ಕುಸುಮಾ,

ಕಾಗದ ತಲುಪಿತು. ಇಲ್ಲಿ ಎಲ್ಲ ಸರಿ ಇದೆ. ಬಿಸಿಲು ಇಳಿದಿಲ್ಲ. ನೀನು ಫ್ರೀಜರಿನಲ್ಲಿ ಇಟ್ಟು ಹೋದ ಬಂಗುಡೆ ಮುಗಿಯಿತು. ಊಟಕ್ಕೆ ಕೆಳಗಿನ ಮೆಸ್ಸಿಗೆ ಹೋಗುತ್ತೇನೆ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಪರ್ಮಿಟ್ ತಡೆದದ್ದು ಸುಮ್ಮನೆ ಅಲ್ಲ. ಅರ್ದಿಯಾದ ನಮ್ಮ ಕಂಪನಿಯ ಗೋದಾಮಿನಲ್ಲಿ ನನ್ನ ಬದಲಿಗೆ ನಿಲ್ಲಲು ರೋಶನನನ್ನು ಹಾಕಿದ್ದಾರೆ. ಬೆಳ್ತಂಗಡಿ ಕಡೆಯವನು, ನಲವತ್ತು ದಾಟಿದವನು, ಒಳ್ಳೆಯವನು. ನಾನು ಹೊರಡುವ ಹಿಂದಿನ ದಿನ ಮುದೀರ್ ಮುತ್ತಲಿಬ್ ಸಾಹೇಬರು ಅವನನ್ನು ಕರೆದು ಒಂದು ಜನರೇಟರಿನ ಫಿಲ್ಟರ್ ತರಲು ಹೇಳಿದರು. ಅವನು ಒಂದು ಗಂಟೆ ಹುಡುಕಿದ. ಸಿಗಲಿಲ್ಲ. ಸಾಹೇಬರು ನನ್ನನ್ನು ನೋಡಿದರು. ನಾನು ಎರಡು ನಿಮಿಷದಲ್ಲಿ ತಂದುಕೊಟ್ಟೆ.

ವಿಷಯ ಏನೆಂದರೆ, ಅಲ್ಲಿ ಸಾಮಾನು ಎಲ್ಲೆಲ್ಲಿ ಇದೆ ಎಂದು ಕಂಪ್ಯೂಟರಿನಲ್ಲಿ ಇಲ್ಲ. ನನ್ನ ಪುಸ್ತಕದಲ್ಲಿ ಇದೆ. ಹನ್ನೆರಡು ಸಾಲು ಕಬ್ಬಿಣದ ರ‍್ಯಾಕು, ಸಾಲಿಗೊಂದು ಪುಸ್ತಕ, ಎಲ್ಲ ಕನ್ನಡದಲ್ಲಿ, ನನ್ನದೇ ಗುರುತಿನಲ್ಲಿ. ಸಾಲುಗಳಿಗೆ ನಂಬರಿಲ್ಲ. ಹೆಸರಿಟ್ಟಿದ್ದೇನೆ. ಮುಲ್ಕಿ, ಹೆಜಮಾಡಿ, ಪಡುಬಿದ್ರಿ, ಎರ್ಮಾಳು, ಉಚ್ಚಿಲ, ಮೂಳೂರು, ಕಾಪು, ಪಾಂಗಾಳ, ಕಟಪಾಡಿ, ಉದ್ಯಾವರ, ಬಲಾಯಿಪಾದೆ, ಕೊನೆಯದು ಉಡುಪಿ. ರೋಶನ್ ಕನ್ನಡ ಓದುತ್ತಾನೆ. ಆದರೆ ಅವನಿಗೆ ಕರಾವಳಿಯ ಬಸ್ಸಿನ ದಾರಿ ಬಾಯಿಪಾಠ ಇಲ್ಲ. ಪಾಂಗಾಳ ಮೊದಲಾ ಕಟಪಾಡಿ ಮೊದಲಾ ಎಂದು ಕೇಳುತ್ತಾನೆ.

ಈಗ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಂಪ್ಯೂಟರಿಗೆ ಹಾಕಿಸಿ ಕೊಟ್ಟ ಮೇಲೆ ಪರ್ಮಿಟ್ ಒತ್ತುತ್ತಾರೆ. ಹತ್ತು ದಿನದ ಕೆಲಸ. ಮುಲ್ಕಿ ಶುರು ಮಾಡಿದ್ದೇವೆ.

ಅಲ್ಲಿ ಚಳಿ ಇದ್ದರೆ ಕಾಲಿಗೆ ಸಾಕ್ಸ್ ಹಾಕು.

ರೋಹಿದಾಸ


ರೇಗನ್ಸ್‌ಬುರ್ಗ್
ಸೆಪ್ಟೆಂಬರ್ ೨೦, ಶನಿವಾರ

ಇವರಿಗೆ,

ನಿಮ್ಮ ಕಾಗದ ಓದಿ ನಾನೊಬ್ಬಳೇ ನಕ್ಕದ್ದಕ್ಕೆ ಕೆಳಗಿನ ಮಹಡಿಯ ಅಜ್ಜಿ ಮೇಲೆ ಬಂದು ಬಾಗಿಲು ತಟ್ಟಿದಳು. ಕುವೈತಿನ ಗೋದಾಮಿನಲ್ಲಿ ಪಾಂಗಾಳ ಎಲ್ಲಿದೆ ಎಂದು ಹುಡುಕುವ ರೋಶನನನ್ನು ಅವಳಿಗೆ ಹೇಗೆ ವಿವರಿಸಲಿ? ಗಂಡನ ಕಾಗದ ಎಂದೆ. ಅವಳೂ ನಕ್ಕಳು.

ಆಮೇಲೆ ನಗು ನಿಂತಿತು. ಆ ಹನ್ನೆರಡು ನಿಲ್ದಾಣ ನನಗೂ ಗೊತ್ತು. ನಿಶ್ಚಿತಾರ್ಥವಾದ ಮೇಲೆ ನಿಮ್ಮ ಊರಿನಿಂದ ನನ್ನ ಊರಿಗೆ ನೀವು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದ ದಾರಿ. ಇದನ್ನು ನೀವು ಒಂದು ದಿನವೂ ನನಗೆ ಹೇಳಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಮಲಗಿ ಎದ್ದು, ನಿಮ್ಮ ಗೋದಾಮಿನಲ್ಲಿ ಏನಿದೆ ಎಂದು ಕೇಳಿದರೆ "ಎಂತ ಇಲ್ಲ, ನಟ್ಟು ಬೋಲ್ಟು" ಎನ್ನುತ್ತಿದ್ದಿರಿ.

ಇಲ್ಲಿ ನನ್ನ ದಿನಚರಿ ಕೇಳಿ. ಬೆಳಗ್ಗೆ ಸೇತುವೆ ದಾಟಿ ಆಚೆ ದಡಕ್ಕೆ ಹೋಗುತ್ತೇನೆ, ಬ್ರೆಡ್ಡು ತರುತ್ತೇನೆ, ಒಂದೇ ಓಣಿಯಲ್ಲಿ ಮೂರು ಸಲ ತಿರುಗುತ್ತೇನೆ. ಅವಸರವಿಲ್ಲದೆ ಊರು ನೋಡುವುದೆಂದರೆ ಹೀಗೆ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ಒಬ್ಬಳೇ ಮಾಡಿದರೆ ಕೆಲಸವಿಲ್ಲದವಳು ಅಲೆದ ಹಾಗೆ ಆಗುತ್ತದೆಂದು ಬರೆದಿಲ್ಲ. ಬ್ರೆಡ್ಡಿನ ಅಂಗಡಿಯವಳಿಗೆ ಮೊದಲ ದಿನ ಗಂಡ ನಾಳೆ ಬರುತ್ತಾರೆ ಎಂದಿದ್ದೆ. ಈಗ ದಿನಾ ಕೇಳುತ್ತಾಳೆ. ಮೊನ್ನೆಯಿಂದ ಬೇರೆ ಅಂಗಡಿಗೆ ಹೋಗುತ್ತಿದ್ದೇನೆ.

ಇದೇ ಇಪ್ಪತ್ತಾರಕ್ಕೆ ಇಲ್ಲಿಂದ ಎರಡನೆಯ ಊರಿಗೆ, ಓಲೊಮೋಟ್ಸ್ ಎಂಬಲ್ಲಿಗೆ, ಹೊರಡಬೇಕು. ಅಷ್ಟರೊಳಗೆ ಬಂದುಬಿಡಿ. ಮೀನಮೇಷ ಎಣಿಸದೆ ಹನ್ನೆರಡು ಪುಸ್ತಕವನ್ನೂ ರೋಶನನ ಮೇಜಿನ ಮೇಲೆ ಇಟ್ಟು ಕಾಲು ಕೀಳಿ.

ನಿಮ್ಮ ಪಾಲಿನ ಸೇತುವೆಯನ್ನೂ ದಾಟುತ್ತಿರುವ,
ಕುಸುಮಾವತಿ


ಫರ್ವಾನಿಯಾ
ಅಕ್ಟೋಬರ್ ೩, ಶುಕ್ರವಾರ

ಕುಸುಮಾ,

ಪಡುಬಿದ್ರಿ ಮುಗಿಯಿತು. ಎರ್ಮಾಳು ನಡೆಯುತ್ತಿದೆ.

ತಡವಾಯಿತು, ಗೊತ್ತು. ನಡುವೆ ಎರಡು ದಿನ ಕಂಪ್ಯೂಟರ್ ಸರಿ ಇರಲಿಲ್ಲ. ಮೂರು ದಿನ ಕಂಟೇನರ್ ಬಂತು. ರೋಶನನಿಗೆ ಜ್ವರ.

ಡೋಲ್ಫಿಯ ನೆನಪು ಇದೆಯಲ್ಲ. ನನಗಿಂತ ಮೊದಲು ಗೋದಾಮು ನೋಡಿಕೊಳ್ಳುತ್ತಿದ್ದವನು. ೨೦೦೮ರಲ್ಲಿ ಮಗಳ ಮದುವೆಗೆ ನಲವತ್ತೈದು ದಿನ ರಜೆ ಹಾಕಿ ಊರಿಗೆ ಹೋದ. ವಾಪಸ್ ಬಂದಾಗ ಅವನ ಮೇಜು ಅವನದಾಗಿರಲಿಲ್ಲ. ಖಲಾಸ್ ಎಂದರು. ನಿನಗೆ ಆಗ ಅವನಿಗೆ ಸೊಂಟನೋವು, ಅದಕ್ಕೆ ಬಿಟ್ಟ ಎಂದು ಹೇಳಿದ್ದೆ. ಸೊಂಟನೋವು ಇರಲಿಲ್ಲ.

ಇದನ್ನೆಲ್ಲ ನೋಡಿಕೊಂಡು ಹೆಜ್ಜೆ ಇಡಬೇಕಾಗುತ್ತದೆ. ನೀನು ಬೇಜಾರು ಮಾಡಬೇಡ. ಊರು ಚೆನ್ನಾಗಿ ನೋಡು.

ರೋಹಿದಾಸ


ಓಲೊಮೋಟ್ಸ್, ಚೆಕ್ ದೇಶ
ಅಕ್ಟೋಬರ್ ೧೨, ಭಾನುವಾರ

ಇವರಿಗೆ,

ನಾನು ದೇಶ ಬದಲಾಯಿಸಿ ಎರಡು ವಾರವಾಯಿತು. ನೀವು ಇನ್ನೂ ಉಚ್ಚಿಲ ದಾಟಿರಲಿಕ್ಕಿಲ್ಲ. ಐದು ವಾರದಲ್ಲಿ ಐದು ಸಾಲು. ದಿನಕ್ಕೆ ಒಂದು ಸಾಲು ಮಾಡಿದ್ದರೂ ಎರಡು ವಾರಕ್ಕೆ ಉಡುಪಿ ಮುಟ್ಟುತ್ತಿದ್ದಿರಿ. ಕಂಪ್ಯೂಟರ್ ಕೆಟ್ಟಿತು, ಕಂಟೇನರ್ ಬಂತು, ರೋಶನನಿಗೆ ಜ್ವರ ಎಂಬ ಸಬೂಬನ್ನು ನನಗೆ ಹೇಳಬೇಡಿ. ಹೋಂವರ್ಕ್ ತರದ ಮಕ್ಕಳ ಬಾಯಿಯಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಕೇಳಿದವಳು ನಾನು.

ಜ್ವರದ ಮಾತು ಬಂದದ್ದರಿಂದ ಹೇಳುತ್ತೇನೆ. ಕಳೆದ ವಾರ ನನಗೆ ಜ್ವರ ಬಂದಿತ್ತು. ನಾಲ್ಕು ದಿನ. ನೀವು ಫೋನ್ ಮಾಡಿದಾಗ "ಊಟ ಆಯಿತಾ" ಎಂದಿರಿ, "ಆಯಿತು" ಎಂದೆ. ಊಟ ಆಗಿರಲಿಲ್ಲ. ನೀರು ಕುಡಿಯಲು ಎದ್ದರೆ ಗೋಡೆ ಹಿಡಿದುಕೊಳ್ಳಬೇಕಿತ್ತು. ಎದುರು ಮನೆಯ ಹೆಂಗಸು ಕಸದ ಚೀಲ ಬಾಗಿಲಲ್ಲೇ ಇದ್ದದ್ದು ನೋಡಿ ಸೂಪು ಮಾಡಿ ತಂದಳು. ಅವಳಿಗೆ ನನ್ನ ಭಾಷೆ ಇಲ್ಲ, ನನಗೆ ಅವಳದಿಲ್ಲ. ಅವಳು ಹಣೆ ಮುಟ್ಟಿ ನೋಡಿದಾಗ ನನಗೆ ಅಳು ಬಂತು. ಮಗಳು ದೀಕ್ಷಿತಾಳಿಗೂ ಹೇಳಲಿಲ್ಲ. ಹೇಳಿದರೆ ಶಾರ್ಜಾದಿಂದ ‘ಮಮ್ಮಿ, ಕಮ್ ಬ್ಯಾಕ್’ ಎಂದು ಮೆಸೇಜ್ ಮಾಡುತ್ತಾಳೆ. ಹಿಂದಕ್ಕೆ ಹೋಗುವುದು ಸುಲಭ, ಅದಕ್ಕೇ ಹೋಗುತ್ತಿಲ್ಲ.

ಇಲ್ಲಿ ಚೌಕದಲ್ಲಿ ಗೋಡೆಯಷ್ಟು ದೊಡ್ಡ ಗಡಿಯಾರ ಒಂದಿದೆ. ಬೇರೆ ಊರುಗಳ ಗಡಿಯಾರದಲ್ಲಿ ರಾಜರು, ಸಂತರು ಇರುತ್ತಾರಂತೆ. ಇದರಲ್ಲಿ ಕಾರ್ಮಿಕರ ಗೊಂಬೆಗಳಿವೆ. ಮಧ್ಯಾಹ್ನ ಹನ್ನೆರಡಕ್ಕೆ ಅವು ಒಂದೊಂದಾಗಿ ತಿರುಗಿ ಕೆಲಸ ತೋರಿಸಿ ಒಳಗೆ ಹೋಗುತ್ತವೆ. ಸುತ್ತ ಇದ್ದ ಜನ ಫೋಟೋ ತೆಗೆದರು. ನಾನು ನಿಂತು ನೋಡಿ ಸಾಕಾಗಿ ಮನೆಗೆ ಬಂದೆ.

ಒಂದು ಮಾತು ನೇರವಾಗಿ ಕೇಳುತ್ತೇನೆ. ಮುತ್ತಲಿಬ್ ಸಾಹೇಬರು ನಿಮ್ಮನ್ನು ಹಿಡಿದಿಟ್ಟಿದ್ದಾರಾ, ನೀವೇ ಕಂಬ ಹಿಡಿದು ನಿಂತಿದ್ದೀರಾ? ಬರಲು ಮನಸ್ಸಿಲ್ಲದಿದ್ದರೆ ಇಲ್ಲವೆಂದು ಬರೆಯಿರಿ. ನಾನು ಎರಡು ತಟ್ಟೆ ತೊಳೆಯುವುದನ್ನು ಬಿಡುತ್ತೇನೆ.

ಕುಸುಮಾವತಿ


ಫರ್ವಾನಿಯಾ
ಅಕ್ಟೋಬರ್ ೧೭, ಶುಕ್ರವಾರ

ಕುಸುಮಾ,

ನಿನಗೆ ಜ್ವರ ಬಂದದ್ದು ಓದಿದೆ. ಎರಡು ದಿನ ಕಾಗದ ಹಿಡಿದುಕೊಂಡೇ ಇದ್ದೆ. ಮೆಸ್ಸಿಗೆ ಹೋಗಿ ಎದ್ದು ಬಂದೆ.

ನೀನು ಕೇಳಿದ್ದಕ್ಕೆ ಉತ್ತರ. ಯಾರೂ ಹಿಡಿದಿಟ್ಟಿಲ್ಲ. ನಾನೇ.

ದಿನಕ್ಕೆ ಒಂದು ಸಾಲು ಮಾಡಬಹುದು. ರೋಶನ್ ಕೂತು ಟೈಪ್ ಮಾಡುತ್ತಾನೆ, ನಾನು ಓದಿ ಹೇಳಬೇಕು, ಅಷ್ಟೇ. ಬೆಳಗ್ಗೆ ನಾಲ್ಕು ಪುಟ ಹೇಳಿದ ಮೇಲೆ ನನಗೆ ಬಾಯಿ ಒಣಗುತ್ತದೆ. ಚಹಾ ಕುಡಿದು ಬರುವ ಎನ್ನುತ್ತೇನೆ. ಆಮೇಲೆ ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ. ಮೊನ್ನೆ ಸ್ಕ್ರೀನಿನಲ್ಲಿ ಒಂದು ಬೇರಿಂಗಿನ ಹೆಸರು ಒತ್ತಿದ. ಸಾಲು ಮೂರು, ಎಡಗಡೆ, ಕೆಳಗೆ ಎಂದು ಬಂತು. ಎದ್ದು ಹೋಗಿ ತಂದೇಬಿಟ್ಟ. "ಅಂಕಲ್, ಸಿಕ್ಕಿತು ನೋಡಿ" ಎಂದ. ಅವನಿಗೆ ಖುಷಿ. ನನಗೆ ನೆಲ ಕುಸಿದ ಹಾಗಾಯಿತು.

ಡೋಲ್ಫಿಯ ವಿಷಯ ಅರ್ಧ ಬರೆದಿದ್ದೆ. ಉಳಿದರ್ಧ ಇಷ್ಟು. ರಜೆಗೆ ಹೋಗುವ ಮೊದಲು ಅವನು ಹದಿನೈದು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿ ಎಲ್ಲ ಕಲಿಸಿದ. ಒಂದನ್ನೂ ಮುಚ್ಚಿಡಲಿಲ್ಲ. ಕೀಗಳನ್ನೂ ಕೊಟ್ಟ. "ನೋಡಿಕೋ ಮಾರಾಯ, ನೀನಿದ್ದೀಯಲ್ಲ, ನನಗೆ ಧೈರ್ಯ" ಎಂದ. ಅವನಿಲ್ಲದಾಗ ಆಗಿನ ಮುದೀರ್ ನನ್ನನ್ನು ಕರೆದು, ನಿನ್ನಿಂದ ಒಬ್ಬನಿಂದಲೇ ಆಗುತ್ತದಾ ಎಂದು ಕೇಳಿದ. ಆಗುತ್ತದೆ ಎಂದೆ. ಡೋಲ್ಫಿ ಬಂದು ನೋಡಿದಾಗ ಅವನ ಮೇಜಿನಲ್ಲಿ ಕೂತಿದ್ದವನು ನಾನು. ಅವನು ಡ್ರಾಯರಿನಿಂದ ತನ್ನ ಕನ್ನಡಕ ತೆಗೆದುಕೊಂಡು ಹೋದ.

ಆಮೇಲೆ ನಾನು ಸಾಲುಗಳ ನಂಬರ್ ಅಳಿಸಿ ಊರಿನ ಹೆಸರು ಇಟ್ಟೆ. ನಾನು ಅವನಿಗೆ ಮಾಡಿದ್ದನ್ನು ನನಗೆ ಯಾರೂ ಮಾಡಬಾರದಲ್ಲ.

ಬರಲು ಮನಸ್ಸಿಲ್ಲ ಅಂತಲ್ಲ. ಮನಸ್ಸಿದೆ. ಆ ಮೇಜಿನಿಂದ ಎದ್ದರೆ ನಾನು ಏನು, ಅದು ಗೊತ್ತಾಗುವುದಿಲ್ಲ. ನನಗೆ ಬಹಳ ದಣಿವಾಗಿದೆ ಕುಸುಮಾ. ಮಲಗಿದರೆ ನಿದ್ರೆಯೂ ಬರುವುದಿಲ್ಲ.

ಮೂಳೂರು ಮುಗಿಸಿದೆ.

ರೋಹಿದಾಸ


ಗ್ರಾಜ್, ಆಸ್ಟ್ರಿಯಾ
ಅಕ್ಟೋಬರ್ ೨೯, ಬುಧವಾರ

ಇವರಿಗೆ,

ನಿಮ್ಮ ಕಾಗದಕ್ಕೆ ಕೂಡಲೇ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟದ್ದಾಗಿ ಬರೆಯುತ್ತಿದ್ದೆ.

ಡೋಲ್ಫಿಯವರ ಹೆಂಡತಿ ಕುವೈತ್ ಬಿಟ್ಟು ಊರಿಗೆ ಹೋಗುವ ಹಿಂದಿನ ದಿನ ನಮ್ಮ ಮನೆಗೆ ಬಂದು ಅವರ ಬಾಲ್ಕನಿಯ ಕರಿಬೇವಿನ ಸೊಪ್ಪಿನ ಗಿಡ ಕೊಟ್ಟು ಹೋಗಿದ್ದರು. "ನಿಮ್ಮವರಿಗೆ ಚಟ್ನಿ ಇಷ್ಟ ಅಲ್ವಾ" ಎಂದಿದ್ದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ಈಗ ನನಗೆ ಗೊತ್ತಾಗುತ್ತಿದೆ. ನಾನು ಮಾತ್ರ ನಗುನಗುತ್ತಾ ಗಿಡ ತೆಗೆದುಕೊಂಡೆ. ಹದಿನೇಳು ವರ್ಷ ಒಗ್ಗರಣೆಗೂ ಹಾಕಿದೆ. ನಾಚಿಕೆಯಾಗುತ್ತದೆ. ನಿಮ್ಮ ಮೇಲೆ ಸಿಟ್ಟು ಬಂದದ್ದು ನಿಜ. ನಾಲ್ಕೈದು ದಿನವಾದ ಮೇಲೆ ಸಿಟ್ಟು ಹೋಯಿತು, ದಣಿವು ಉಳಿಯಿತು. ಅದು ನಿಮ್ಮದೋ ನನ್ನದೋ ಗೊತ್ತಿಲ್ಲ.

ಇಲ್ಲಿ ಹಳೆಯ ಅರಮನೆಯೊಂದರಲ್ಲಿ ಐನೂರು ವರ್ಷದ ಕಲ್ಲಿನ ಮೆಟ್ಟಿಲಿದೆ. ಎರಡು ಮೆಟ್ಟಿಲ ಸಾಲು ಬೇರೆಬೇರೆಯಾಗಿ ಸುತ್ತಿಕೊಂಡು ಮೇಲೆ ಹೋಗುತ್ತವೆ, ಪ್ರತಿ ಅಂತಸ್ತಿನಲ್ಲಿ ಮತ್ತೆ ಕೂಡುತ್ತವೆ. ಜೋಡಿಗಳು ಬರುತ್ತಾರೆ, ಒಬ್ಬರು ಆ ಕಡೆ, ಒಬ್ಬರು ಈ ಕಡೆ ಹತ್ತಿ ಮೇಲೆ ಸಿಕ್ಕಿ ನಗುತ್ತಾರೆ. ನಾನು ಎಡಗಡೆಯಿಂದ ಹತ್ತಿದೆ. ಮೇಲೆ ಯಾರೂ ಇರಲಿಲ್ಲ. ಮೊಣಕಾಲು ನೋಯುತ್ತಿತ್ತು, ಅಲ್ಲೇ ಕೂತೆ.

ಆ ಮೇಜಿನಿಂದ ಎದ್ದರೆ ನಾನು ಏನು ಎಂದು ಕೇಳಿದ್ದೀರಿ. ನನ್ನ ಗಂಡ. ಅದು ನಿಮಗೆ ಸಣ್ಣ ಕೆಲಸವೆಂದು ಕಂಡರೆ ನಾನೇನೂ ಹೇಳುವುದಿಲ್ಲ.

ನವೆಂಬರ್ ಹತ್ತಕ್ಕೆ ನಾನು ನಾಲ್ಕನೆಯ ಊರಿಗೆ ಹೋಗುತ್ತೇನೆ. ಪ್ತುಯ್ ಎಂದು ಹೆಸರು, ಸ್ಲೊವೇನಿಯಾ ದೇಶ. ಅದೇ ಕೊನೆಯದು. ಇನ್ನು ಮುಂದೆ ಯಾವಾಗ ಬರುತ್ತೀರಿ ಎಂದು ನಾನು ಕೇಳುವುದಿಲ್ಲ.

ಕುಸುಮಾವತಿ


ಫರ್ವಾನಿಯಾ
ನವೆಂಬರ್ ೭, ಶುಕ್ರವಾರ

ಕುಸುಮಾ,

ಮುಗಿಯಿತು. ಕಾಪುವಿನಿಂದ ಉಡುಪಿವರೆಗೆ ಒಂಬತ್ತು ದಿನದಲ್ಲಿ ಮಾಡಿದೆ. ಹನ್ನೆರಡು ಪುಸ್ತಕವನ್ನೂ ಕೊಟ್ಟೆ ಎಂದು ನಿನ್ನೆ ಸಹಿ ಹಾಕಿದೆ. ರೋಶನ್ ತೆಗೆದುಕೊಂಡೆ ಎಂದು ಸಹಿ ಹಾಕಿದ. ಹತ್ತು ನಿಮಿಷದಲ್ಲಿ ಪರ್ಮಿಟ್ ಬಂತು. ಎರಡು ತಿಂಗಳು ಕಾದದ್ದಕ್ಕೆ ಹತ್ತು ನಿಮಿಷ.

ಸಾಹೇಬರು ಕೇಕ್ ತರಿಸಿದರು. "ಯಲ್ಲಾ, ರೋಹಿ, ಮೇಡಮ್ ಜೊತೆ ಆರಾಮ ಮಾಡು, ಬಂದ ಮೇಲೆ ನೋಡುವ" ಎಂದರು. ನನ್ನ ಕಾಂಟ್ರಾಕ್ಟ್ ಜನವರಿಗೆ ಮುಗಿಯುತ್ತದೆ. ನೋಡುವ ಎಂದರೆ ಏನು ಎಂದು ನಾನು ಕೇಳಲಿಲ್ಲ.

ಗುರುವಾರ ಹದಿಮೂರಕ್ಕೆ ವಿಯೆನ್ನಾಕ್ಕೆ ಟಿಕೆಟ್ ಆಗಿದೆ. ಅಲ್ಲಿಂದ ರೈಲು. ಸ್ಟೇಷನ್ನಿಗೆ ನೀನು ಬರಬೇಡ, ಚಳಿ. ವಿಳಾಸ ಕಳಿಸು, ನಾನು ಬರುತ್ತೇನೆ.

ರೋಹಿದಾಸ


ಪ್ತುಯ್, ಸ್ಲೊವೇನಿಯಾ
ನವೆಂಬರ್ ೧೯, ಬುಧವಾರ, ಬೆಳಗ್ಗೆ ಹತ್ತು ಗಂಟೆ

ಇವರಿಗೆ,

ನೀವು ಪಕ್ಕದ ಕೋಣೆಯಲ್ಲಿ ಮಲಗಿದ್ದೀರಿ. ನಡುವೆ ಒಂದು ಗೋಡೆ ಮಾತ್ರ. ಆದರೂ ಕಾಗದ ಬರೆಯುತ್ತಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳಲು ಹೋದರೆ ನಾನು "ಚಹಾ ಕುಡಿಯುತ್ತೀರಾ" ಎಂದು ಕೇಳಿಬಿಡುತ್ತೇನೆ ಎಂದು ನನಗೆ ಗೊತ್ತು.

ಬಂದ ರಾತ್ರಿಯಿಂದ ಇವತ್ತಿಗೆ ಆರು ದಿನ. ಮೊದಲ ದಿನ ಬೆಳಗ್ಗೆ ಐದಕ್ಕೆ ಎದ್ದು ಶರ್ಟು ಪ್ಯಾಂಟು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿರಿ. ಏನೆಂದು ಕೇಳಿದೆ. "ಬಸ್ಸು ಬರುವ ಹೊತ್ತಾಯಿತು" ಎಂದಿರಿ. ಇವತ್ತು ಡ್ಯೂಟಿ ಇಲ್ಲ ಎಂದೆ. ಹಾಕಿದ ಬಟ್ಟೆಯಲ್ಲೇ ಮಲಗಿದಿರಿ. ಅಂದಿನಿಂದ ನಿದ್ರೆಯೋ ನಿದ್ರೆ. ಎದ್ದು ಗಂಜಿ ಕುಡಿಯುತ್ತೀರಿ, ಕಿಟಕಿಯಿಂದ ನದಿ ನೋಡಿ "ಚೆಂದ ಉಂಟು" ಎನ್ನುತ್ತೀರಿ, ಮತ್ತೆ ಮಲಗುತ್ತೀರಿ. ಗುಡ್ಡದ ಮೇಲಿನ ಕೋಟೆ, ಕೆಂಪು ಹಂಚಿನ ಮನೆಗಳು, ಕಲ್ಲಿನ ಓಣಿ, ನಿಮಗೆ ತೋರಿಸಬೇಕೆಂದು ಒಂದು ಪಟ್ಟಿ ಬರೆದಿಟ್ಟಿದ್ದೆ. ಅದರಲ್ಲಿ ಒಂದನ್ನೂ ನೀವು ನೋಡಿಲ್ಲ. ಮೊದಲೆರಡು ದಿನ ನನಗೆ ಅಳು ಬರುವಷ್ಟು ಬೇಸರವಾಯಿತು. ಮೂರನೆಯ ದಿನ ಕುರ್ಚಿ ಎಳೆದುಕೊಂಡು ನೀವು ಮಲಗಿದ್ದನ್ನೇ ನೋಡುತ್ತಾ ಕೂತೆ. ಹಗಲು ಹೊತ್ತಿನಲ್ಲಿ ನಿಮ್ಮ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಇದೇ ಮೊದಲು.

ಸೋಮವಾರ ಬೆಳಗ್ಗೆ ರೋಶನ್ ನಿಮ್ಮ ಫೋನಿಗೆ ಮೂರು ಸಲ ಕರೆ ಮಾಡಿದ. ನಾಲ್ಕನೆಯದ್ದನ್ನು ನಾನು ಎತ್ತಿದೆ. "ಆಂಟಿ, ಉಡುಪಿ ಸಾಲಿನ ಪುಸ್ತಕ ಸಿಗ್ತಾ ಇಲ್ಲ. ಹನ್ನೆರಡೂ ತಕ್ಕೊಂಡೆ ಅಂತ ನಾನು ಸೈನ್ ಹಾಕಿಬಿಟ್ಟಿದ್ದೇನೆ. ಕಟ್ಟಿನಲ್ಲಿ ನೋಡಿದ್ರೆ ಹನ್ನೊಂದೇ ಉಂಟು. ಕಂಪ್ಯೂಟರಿನಲ್ಲಿ ಆ ಸಾಲು ಖಾಲಿ. ಅಂಕಲ್ ತಾನೇ ಹಾಕ್ತೇನೆ ಅಂತ ಹೇಳಿದ್ರು. ಗುರುವಾರ ಎಲ್ಲ ಸಾಮಾನು ಎಣಿಸ್ತಾರೆ. ಸಿಗದಿದ್ರೆ ನನ್ನ ತಲೆಗೆ ಬರ್ತದೆ ಆಂಟಿ" ಎಂದ. ಅಂಕಲ್ ಎದ್ದ ಮೇಲೆ ಕೇಳಿ ಹೇಳುತ್ತೇನೆ ಎಂದೆ.

ಕೇಳಲಿಲ್ಲ. ನಿಮ್ಮ ಸೂಟ್‌ಕೇಸ್ ತೆಗೆದೆ. ಸ್ವೆಟರ್ ಇರಬೇಕಾದ ಜಾಗದಲ್ಲಿ ಪುಸ್ತಕವಿತ್ತು. ಚಳಿಯ ದೇಶಕ್ಕೆ ಸ್ವೆಟರ್ ಬಿಟ್ಟು ಬಂದಿದ್ದೀರಿ.

ಯಾಕೆ ತಂದಿರಿ ಎಂದು ಅರ್ಥವಾಗದಷ್ಟು ದಡ್ಡಿ ನಾನಲ್ಲ. ಸಾಮಾನು ಸಿಗದೆ ಅವರು ಫೋನ್ ಮಾಡಬೇಕು, ರೋಹಿ, ನೀನಿಲ್ಲದೆ ಆಗುವುದಿಲ್ಲ ಎನ್ನಬೇಕು. ಅಷ್ಟು ಕೇಳಲು ರೋಶನನ ಕುತ್ತಿಗೆಗೆ ತಂದಿರಿ. ಡೋಲ್ಫಿಯವರ ನಂತರ ಇವನು.

ಪುಸ್ತಕ ಬಿಡಿಸಿದೆ. ನಿಮ್ಮ ಗುರುತನ್ನು ಜಗತ್ತಿನಲ್ಲಿ ಬೇರೆ ಯಾರೂ ಓದಲಾರರು ಎಂದುಕೊಂಡಿದ್ದೀರಿ. ಮೊದಲ ನಾಲ್ಕು ವರ್ಷ ಏರೋಗ್ರಾಮಿನಲ್ಲಿ ಜಾಗ ಸಾಲದೆ ಪದಗಳ ಬಾಲ ಕತ್ತರಿಸಿ ನನಗೆ ಬರೆಯುತ್ತಿದ್ದದ್ದು ನೀವೇ ಅಲ್ಲವೇ. ಅದೇ ಬರಹ. ನನಗೆ ಒಂದಕ್ಷರವೂ ತಡೆಯಲಿಲ್ಲ. ನಲವತ್ತೆರಡು ಪುಟ. ಸೋಮವಾರ ಮತ್ತು ನಿನ್ನೆ, ನೀವು ಮಲಗಿದ್ದಾಗ, ಅಡಿಗೆಮನೆಯ ಮೇಜಿನಲ್ಲಿ ಕೂತು ಎಲ್ಲವನ್ನೂ ಇಂಗ್ಲಿಷಿಗೆ ಇಳಿಸಿದೆ. ಸೀಲು ಎಲ್ಲಿ, ಹೋಸು ಎಲ್ಲಿ, ಗ್ಯಾಸ್ಕೆಟ್ ಎಲ್ಲಿ. ಎಡಗಡೆ, ಮೇಲೆ, ಹಿಂದೆ.

ಅಂಚಿನಲ್ಲಿ ನೀವು ಬರೆದದ್ದನ್ನೂ ಓದಿದೆ. ‘೨೦೦೯ ಜುಲೈ. ಒಳಗೆ ಐವತ್ತು ಡಿಗ್ರಿ. ಕೂತರೆ ಏಳಲಿಕ್ಕೆ ಆಗುವುದಿಲ್ಲ ಎಂದು ಕೂರಲಿಲ್ಲ. ಕುಸುಮಾಳಿಗೆ ಹೇಳಬಾರದು.’ ‘೨೦೧೬. ಎದೆ ಹಿಡಿಯಿತು. ಗ್ಯಾಸ್ ಇರಬಹುದು. ಕುಸುಮಾಳಿಗೆ ಹೇಳಬಾರದು.’ ‘೨೦೨೩. ದಿನಾ ಮುಟ್ಟುವ ಫಿಲ್ಟರಿನ ಹೆಸರು ಅರ್ಧ ಗಂಟೆ ನೆನಪಾಗಲಿಲ್ಲ. ಕುಸುಮಾಳಿಗೆ ಹೇಳಬಾರದು.’ ಹೀಗೆ ಹದಿನಾಲ್ಕು ಕಡೆ. ನಟ್ಟು ಬೋಲ್ಟು ಎಂದಿದ್ದಿರಿ.

ನನಗೆ ಬಹಳ ನೋವಾಯಿತು. ನಿಮ್ಮನ್ನು ಎಬ್ಬಿಸಿ ಜಗಳ ಆಡಬೇಕೆನ್ನಿಸಿತು, ಎಬ್ಬಿಸಿ ತಬ್ಬಿಕೊಳ್ಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಬರೆಯುವುದು ಬಾಕಿ ಇತ್ತು, ಬರೆದೆ.

ಇವತ್ತು ಬೆಳಗ್ಗೆ ಎಂಟಕ್ಕೆ ನಲವತ್ತೆರಡು ಪುಟವನ್ನೂ ರೋಶನನಿಗೆ ಕಳಿಸಿದೆ. ಪುಸ್ತಕ ತಪ್ಪಿ ಅಂಕಲ್ ಬ್ಯಾಗಿನಲ್ಲಿ ಬಂದಿತ್ತು ಎಂದೆ. ಅವನು ನಂಬಿದನೋ ಇಲ್ಲವೋ. ಅಂಚಿನ ಬರಹ ಕಳಿಸಲಿಲ್ಲ. ಒಂಬತ್ತಕ್ಕೆ ಅವನ ಮೆಸೇಜ್ ಬಂತು, ಒಂದು ವಸ್ತು ಹುಡುಕಿ ನೋಡಿದನಂತೆ, ಹೇಳಿದ ಜಾಗದಲ್ಲೇ ಸಿಕ್ಕಿತಂತೆ.

ನಿಮ್ಮನ್ನು ಕೇಳದೆ ಮಾಡಿದೆ. ಕೇಳಿದ್ದರೆ ನೀವು ನೋಡುವ ಎನ್ನುತ್ತಿದ್ದಿರಿ. ಇದರಿಂದ ಜನವರಿಗೆ ನಿಮ್ಮ ಮೇಜು ಹೋಗಬಹುದು. ಅದರ ಬೆನ್ನಿಗೆ ನಮ್ಮಿಬ್ಬರ ಇಕಾಮಾ, ಫರ್ವಾನಿಯಾದ ಮನೆ ಎಲ್ಲವೂ ಹೋಗಬಹುದು. ಗೊತ್ತಿದ್ದೇ ಕಳಿಸಿದೆ. ಎದ್ದ ಮೇಲೆ ಇದನ್ನು ಓದಿ ಸಿಟ್ಟು ಮಾಡಿಕೊಳ್ಳಿ. ವೀಸಾ ಇನ್ನೂ ಹನ್ನೊಂದು ದಿನ ಇದೆ, ಬೇಕಾದಷ್ಟು ಹೊತ್ತು ಜಗಳ ಆಡುವ. ಇಷ್ಟು ವರ್ಷ ನಮಗೆ ಅದಕ್ಕೂ ಪುರುಸೊತ್ತು ಇರಲಿಲ್ಲ.

ಅರ್ದಿಯಾದಿಂದ ಇನ್ನು ನಿಮ್ಮನ್ನು ಯಾರೂ ಕರೆಯುವುದಿಲ್ಲ. ಕರೆಯುವವಳು ನಾನೊಬ್ಬಳೇ. ಈಗ ನಾನೂ ಕರೆಯುವುದಿಲ್ಲ. ಮಲಗಿ.

ಪಕ್ಕದ ಕೋಣೆಯಿಂದ,
ಕುಸುಮಾವತಿ